ಅವ್ವನ ಎರಡು ಮತ

ಇಂದಿರಾ ಗಾಂಧಿಯವರ ಹತ್ಯೆಯ ನಂತರ, 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಅವ್ವ ಕಾಂಗ್ರೆಸ್ಸಿಗೆ ಮತ ಹಾಕಿದಳು. ಗದಗ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ನಾನಿನ್ನೂ ಹೈಸ್ಕೂಲು ಹುಡುಗಿ. ರಾಜ್ಯದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೇ ಹೋದವು. ಜನಾದೇಶ ಕಳೆದುಕೊಂಡೆನೆಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಹೊಸ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಅವ್ವ ಅವರ ಜನತಾ ಪಕ್ಷಕ್ಕೆ ಹಾಕಿದಳು. 224ರಲ್ಲಿ 139 ಬಂದವು.

ಹೆಂಗಸರ ಬುದ್ಧಿ ಎಂದು ಗಂಡಸರು ನಕ್ಕರು. ಅವರೂ ಹಾಗೇ ಹಾಕಿರದಿದ್ದರೆ ಈ ಲೆಕ್ಕ ಕೂಡುತ್ತಿತ್ತೇ? “ದಿಲ್ಲಿಗೆ ದೇಶ ಒಂದಾಗಿ ಇಡೋರು ಬೇಕು, ಬೆಂಗಳೂರಿಗೆ ನಮ್ಮೂರು ನೋಡೋರು ಬೇಕು” ಎಂದಳು ಅವ್ವ. ಹೆಗಡೆ ಸರ್ಕಾರದ 1983ರ ಪಂಚಾಯತಿ ಕಾಯ್ದೆ ಹೆಂಗಸರಿಗೆ ಕಾಲುಭಾಗ ಸ್ಥಾನ ಇಟ್ಟಿದ್ದು ಅವಳಿಗೆ ಹಿಡಿಸಿತ್ತು. ಆದರೆ ಅವಳಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಓಣಿಯ ಸಾರಾಯಿ ಅಂಗಡಿ ಮುಚ್ಚುವುದು. ಅದನ್ನು ಎರಡೂ ಪಕ್ಷದವರು ಮುಚ್ಚಲಿಲ್ಲ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ.