ಆಸನದಡಿಯ ಚೀಲ

ವಿಮಾನದ ದರದಲ್ಲಿಯೇ ಪ್ರಯಾಣಿಕನ ಪೆಟ್ಟಿಗೆಯ ಸಾಗಣೆಯೂ ಅಡಕವಾಗಿರುವುದೆಂಬುದು ಬಹುಕಾಲ ಯಾರೂ ಪ್ರಶ್ನಿಸದ ಸಂಪ್ರದಾಯವಾಗಿತ್ತು. ಐರ್ಲೆಂಡಿನ ರಯನ್‌ಏರ್ ಸಂಸ್ಥೆಯು 2006ರಲ್ಲಿ ವಿಮಾನದ ಒಡಲಿಗೆ ಒಪ್ಪಿಸುವ ಸಾಮಾನಿಗೆ ಪ್ರತ್ಯೇಕ ಶುಲ್ಕವನ್ನು ವಿಧಿಸತೊಡಗಿದಾಗ, ಜನರು ಸಹಜವಾಗಿಯೇ ಸಮಸ್ತವನ್ನೂ ಕೈಚೀಲಕ್ಕೆ ತುಂಬಿದರು. ತಲೆಯ ಮೇಲಣ ಗೂಡುಗಳು ಕಿಕ್ಕಿರಿದು, ಹತ್ತುವವರ ಸಾಲು ತಡೆದು, ನೆಲದ ಮೇಲೆ ನಿಂತ ಪ್ರತಿ ನಿಮಿಷವನ್ನೂ ನಷ್ಟವೆಂದೆಣಿಸುವ ಆ ವ್ಯವಹಾರಕ್ಕೇ ಅದು ವಿಘ್ನವಾಯಿತು. 2010ರಲ್ಲಿ ಅಮೆರಿಕದ ಸ್ಪಿರಿಟ್ ಸಂಸ್ಥೆಯು ಆ ಗೂಡಿಗೂ ಬೆಲೆ ಕಟ್ಟಿತು. ರಯನ್‌ಏರ್ 2018ರ ನವೆಂಬರಿನಲ್ಲಿ ಉಚಿತವಾಗಿ ಉಳಿಸಿದ್ದು, 40, 25, 20 ಸೆಂಟಿಮೀಟರುಗಳನ್ನು ಮೀರದೆ ಮುಂದಿನ ಆಸನದಡಿ ಅಡಗುವ ಒಂದೇ ಚೀಲವನ್ನು.

ಸಮಂಜಸವಾದ ತೂಕ ಅಳತೆಗಳ ಕೈಸಾಮಾನು ಪ್ರಯಾಣದ ಅನಿವಾರ್ಯ ಅಂಗವಾದುದರಿಂದ ಅದಕ್ಕೆ ಹೆಚ್ಚುವರಿ ಬೆಲೆ ಸಲ್ಲದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2014ರಲ್ಲಿಯೇ ನುಡಿದಿತ್ತು. ಆದರೆ ಸಮಂಜಸವಾದುದೆಷ್ಟೆಂಬುದನ್ನು ಅಂಕೆಗಳಲ್ಲಿ ನಿರ್ಣಯಿಸದೆ ಬಿಟ್ಟಿತು, ಮುಂದಿನ ಕಲಹವೆಲ್ಲ ಈ ಎಡೆಯಲ್ಲಿಯೇ ಬೆಳೆಯಿತೆಂದು ನನ್ನ ಭಾವನೆ. ಈ ಕಲಹದ ನಡುವೆಯೇ, ಗಟ್ಟಿ ಚೌಕಟ್ಟಿನ ಪೆಟ್ಟಿಗೆಯನ್ನು ತೊರೆದು ಬಾಗುವ ಮೃದು ಚೀಲವನ್ನು ಹಿಡಿದು, ಬಟ್ಟೆಗಳನ್ನು ಸುರುಳಿ ಸುತ್ತಿ, ದಪ್ಪ ಉಡುಪನ್ನೂ ಭಾರವಾದ ಪಾದರಕ್ಷೆಯನ್ನೂ ಮೈಮೇಲೆಯೇ ಧರಿಸಿ, ದ್ರವಗಳನ್ನು 100 ಮಿಲಿಲೀಟರಿನ ಸೀಸೆಗಳಿಗಿಳಿಸಿ ಹೊರಡುವ ಕಲೆಯನ್ನು ಅಲ್ಪಧನದ ಪ್ರಯಾಣಿಕನು ರೂಢಿಸಿಕೊಂಡನು. ಆ ಜಾಣ್ಮೆಯ ಬಗೆಗೆ ನನಗೆ ನಿಜವಾದ ಗೌರವವಿದೆ. 2025ರಲ್ಲಿ ರಯನ್‌ಏರ್ ಉಚಿತ ಚೀಲದ ಅಗಲವನ್ನು 25ರಿಂದ 30 ಸೆಂಟಿಮೀಟರಿಗೆ ಏರಿಸಲು, 20 ಲೀಟರಿನ ಅವಕಾಶವು 24 ಲೀಟರಾಯಿತು.