ಹಲ್ಲು, ಟೋಕನ್, ಜೂನ್ 1: ಮಗುವಿನ ವಯಸ್ಸನ್ನು ಕಾನೂನು ಅಳೆದ ಬಗೆ

ಮಕ್ಕಳನ್ನು ಎಲ್ಲಿಗೆ ಸೇರಿಸಿಕೊಳ್ಳಬೇಕು, ಎಲ್ಲಿಂದ ದೂರ ಇಡಬೇಕು ಎಂಬ ನಿಯಮಗಳ ಚರಿತ್ರೆಯನ್ನು ವಯೋಮಿತಿ ಏರುತ್ತ ಹೋದ ಕಥೆಯಾಗಿ ಹೇಳುವುದು ವಾಡಿಕೆ. ಭಾರತದ ಕಾರ್ಖಾನೆ ಕಾಯ್ದೆಗಳಲ್ಲಿ ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸು 1881ರಲ್ಲಿ 7, 1891ರಲ್ಲಿ 9, 1922ರಲ್ಲಿ 12, 1948ರಲ್ಲಿ 14. ಆದರೆ ಗಿರಣಿಯ ಗೇಟಿನ ಮುಂದೆ ನಿಂತ ಮಗುವಿಗೆ ಎಷ್ಟು ವರ್ಷವೆಂದು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸಿದರು ಎಂಬುದನ್ನು ಕೇಳದೆ ಈ ಅಂಕಿಗಳನ್ನು ನಂಬುವಂತಿಲ್ಲ.

ಈ ತೊಡಕು ಮೊದಲು ಎದುರಾದದ್ದು ಇಂಗ್ಲೆಂಡಿನಲ್ಲಿ. 1833ರ ಕಾಯ್ದೆ ಹೆಚ್ಚಿನ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನವರನ್ನು ನಿಷೇಧಿಸಿತು, 9ರಿಂದ 13ರವರಿಗೆ ದುಡಿಮೆಯ ಗಂಟೆಗಳನ್ನು ಕಡಿತಗೊಳಿಸಿತು. ಅಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ. ಹಾಗಾಗಿ ಮಗುವಿನ ಮೈಕಟ್ಟು ನೋಡಿ ವೈದ್ಯರು ಪ್ರಮಾಣಪತ್ರ ಬರೆಯುತ್ತಿದ್ದರು. ದಂತವೈದ್ಯ ಎಡ್ವಿನ್ ಸಾಂಡರ್ಸ್ ಅದೇ 1837ರಲ್ಲಿ, ಎತ್ತರಕ್ಕಿಂತ ಹಲ್ಲೇ ವಯಸ್ಸಿಗೆ ನಂಬಿಕಸ್ಥ ಸಾಕ್ಷಿ ಎಂದು ಸಂಸತ್ತಿನ ಮುಂದೆ ವಾದಿಸಿದ. ಅರೆಹೊಟ್ಟೆಯಲ್ಲಿ ಬೆಳೆದ ಮಗು ಗಿಡ್ಡವಾಗಿರಬಹುದು, ದವಡೆ ಹಲ್ಲು ಮಾತ್ರ ಬಹುಮಟ್ಟಿಗೆ ತನ್ನ ಕಾಲಕ್ಕೇ ಮೂಡುತ್ತದೆ ಎಂಬುದು ಅವನ ತರ್ಕ. ಬಾಯಿ ತೆರೆಸಿ ಪರೀಕ್ಷಿಸುವ ಈ ಕ್ರಮ ಇಂದು ಒರಟಾಗಿ ಕಾಣಬಹುದು. ಆದರೂ ಬಡ ಮಗುವಿನ ದೇಹ ಅದರ ವಯಸ್ಸನ್ನು ಮರೆಮಾಚುತ್ತದೆ ಎಂಬ ಸತ್ಯವನ್ನು ಅದು ಗುರುತಿಸಿತ್ತು.

ಇತ್ತ ಮುಂಬೈಯಲ್ಲಿ ಕಾರ್ಖಾನೆ ಕಾಯ್ದೆಗಾಗಿ ಒತ್ತಾಯಿಸಿದವರಲ್ಲಿ ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ಪ್ರಮುಖರು. ಇಲ್ಲಿನ ಗಿರಣಿಗಳ ಪೈಪೋಟಿಗೆ ಅಂಜಿದ ಲ್ಯಾಂಕಷೈರ್ ಮಾಲೀಕರ ಒತ್ತಡವೂ ಜೊತೆಗಿತ್ತು. 1881ರ ಕಾಯ್ದೆ ನೂರು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಯಂತ್ರಚಾಲಿತ ಕಾರ್ಖಾನೆಗಳಿಗಷ್ಟೇ ಅನ್ವಯಿಸಿತು. 7ರಿಂದ 12 ವರ್ಷದ ಮಕ್ಕಳು ದಿನಕ್ಕೆ 9 ಗಂಟೆ ದುಡಿಯಬಹುದಿತ್ತು! ವಯಸ್ಸು ಮತ್ತು ದೇಹದಾರ್ಢ್ಯದ ಪ್ರಮಾಣಪತ್ರ ಕಡ್ಡಾಯವಾಗಲು 1911ರ ಕಾಯ್ದೆ ಬರಬೇಕಾಯಿತು.

1948ರ ಕಾಯ್ದೆಯ ಒಳಪುಟಗಳು ನನಗೆ ಮುಖ್ಯವಾಗಿ ಕಾಣುತ್ತವೆ. 68ನೇ ಕಲಂ ಪ್ರಕಾರ 14 ತುಂಬಿದ ಮಗು ತನ್ನ ಪ್ರಮಾಣಪತ್ರವನ್ನು ಸೂಚಿಸುವ ಟೋಕನ್ ಇಟ್ಟುಕೊಂಡೇ ಕೆಲಸ ಮಾಡಬೇಕಿತ್ತು. 71ನೇ ಕಲಂ ಮಗುವಿನ ದುಡಿಮೆಯನ್ನು ಅರ್ಧ ದಿನಕ್ಕೆ ಮಿತಿಗೊಳಿಸಿ, ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಸುವುದನ್ನು ತಡೆಯುತ್ತಿತ್ತು. ಬೇರೆಯವರ ಪ್ರಮಾಣಪತ್ರ ತೋರಿಸುವುದು 98ರಲ್ಲಿ ಅಪರಾಧವಾಗಿತ್ತು, ಎರಡು ಕಡೆ ದುಡಿಯಲು ಬಿಟ್ಟ ತಂದೆತಾಯಿಗೆ 99ರಲ್ಲಿ ದಂಡವಿತ್ತು. ನಡೆಯದಿದ್ದುದನ್ನು ಕಾನೂನು ಇಷ್ಟು ಬಿಡಿಸಿ ನಿಷೇಧಿಸುವುದಿಲ್ಲ. ಅರ್ಧ ದಿನದ ಮಿತಿಯನ್ನು ಎರಡು ಗೇಟುಗಳ ನಡುವೆ ಓಡಿ ಪೂರ್ತಿ ದಿನವಾಗಿಸಿದ ಮಕ್ಕಳ ಬದುಕು ಈ ಕಲಂಗಳ ಹಿಂದೆ ಇದೆ.

ಶಾಲೆಯ ಬಾಗಿಲಲ್ಲಿ ಲೆಕ್ಕವೇ ಬೇರೆ. ಕರ್ನಾಟಕದ ಹಳ್ಳಿಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಒಂದು ತಲೆಮಾರಿನ ಅದೆಷ್ಟೋ ಜನರ ಜನ್ಮದಿನ ಇಂದಿಗೂ ಅದೇ. ಇದನ್ನು ಸುಳ್ಳು ದಾಖಲೆ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಪುರಾವೆ ಇಲ್ಲವೆಂದು ಮಗುವನ್ನು ವಾಪಸು ಕಳಿಸದ ಆ ಮೇಷ್ಟ್ರ ವಿವೇಕವೇ 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮಿನಲ್ಲಿ ಕಾನೂನಾಯಿತು: ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಕಾರ್ಖಾನೆಯಲ್ಲಿ ಅನುಮಾನ ಬಂದರೆ ಮಗು ಹೊರಗುಳಿಯಬೇಕು, ಶಾಲೆಯಲ್ಲಿ ಅನುಮಾನ ಬಂದರೆ ಒಳಗೆ ಬರಬೇಕು. ಎರಡೂ ಕಡೆ ಅನುಮಾನದ ಲಾಭ ಮಗುವಿಗೇ ಸಲ್ಲಬೇಕು.

ವಯಸ್ಸು ಪತ್ತೆಹಚ್ಚುವ ಮೂಳೆಯ ಎಕ್ಸ್‌ರೇ ಪರೀಕ್ಷೆ ಕೂಡ ಅಂದಾಜೇ. ಅದರಲ್ಲಿ ಎರಡು ವರ್ಷ ಹೆಚ್ಚುಕಮ್ಮಿ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. 2015ರ ಬಾಲನ್ಯಾಯ ಕಾಯ್ದೆ ಶಾಲಾ ದಾಖಲೆ, ಜನನ ಪ್ರಮಾಣಪತ್ರ ಯಾವುದೂ ಸಿಗದಿದ್ದಾಗ ಮಾತ್ರ ಅದನ್ನು ಬಳಸಲು ಹೇಳುತ್ತದೆ.

ಈಗ ಮತ್ತೊಂದು ತಿರುವು. 2023ರ ಜನನ-ಮರಣ ನೋಂದಣಿ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲಾ ಪ್ರವೇಶಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮ ಉಳಿದರೆ ಆ ಮಕ್ಕಳು ಒಂದನೇ ತರಗತಿಗೆ ಬರುವುದು 2030ರಲ್ಲಿ. ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ ಊರೂರು ಅಲೆಯುವವರ ಮಗು ಅಂದು ಬರಿಗೈಯಲ್ಲಿ ಬಂದರೆ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮಿನದೇ ಮೇಲುಗೈ ಎಂದು ಶಿಕ್ಷಣ ಇಲಾಖೆ ಈಗಲೇ ಲಿಖಿತ ಸುತ್ತೋಲೆ ಹೊರಡಿಸಬೇಕು.