ಮೇ ಒಂದಕ್ಕ ಯಾರಿಗೆ ಸೂಟಿ?

ನಮ್ಮಪ್ಪ ಹುಬ್ಬಳ್ಳ್ಯಾಗ ಬಟ್ಟಿ ಮಿಲ್ಲಿನಾಗ ಕೆಲಸಕ್ಕ ಇದ್ದ. ಮೂರು ಪಾಳಿ. ಭೋಂಗಾ ಹೊಡದ್ರ ಸಾಕು, ನಮ್ಮ ಓಣ್ಯಾಗ ಯಾರಿಗೂ ಗಡಿಯಾರ ಬೇಕಿದ್ದಿಲ್ಲ. ವಾರದ ಸೂಟಿ ಬಿಟ್ರ ಆ ಭೋಂಗಾ ಸುಮ್ಮನಿರತಿದ್ದ ದಿನ ಅಂದ್ರ ಮೇ 1. ಅವತ್ತ ಅಪ್ಪ ತೊಳದ ಅಂಗಿ ಹಾಕ್ಕೊಂಡು ಕೆಂಪು ಬಾವುಟದ ಮೆರವಣಿಗಿಗೆ ಹೋಗಾಂವ, ಬರೂವಾಗ ನಮಗ ಮಿರ್ಚಿ ಕಟ್ಟಿಸ್ಕೊಂಡು ಬರಾಂವ. "ಇವತ್ತ ನಮ್ಮ ಹಬ್ಬ" ಅಂತಿದ್ದ. ಏನ್ ಹಬ್ಬ ಅಂತ ಕೇಳಿದ್ರ "ಎಂಟು, ಎಂಟು, ಎಂಟು" ಅಂತ ಮೂರು ಬಳ್ಳ ತೋರಸ್ತಿದ್ದ. ದುಡಿಯಾಕ ಎಂಟು ತಾಸು, ನಿದ್ದಿಗೆ ಎಂಟು, ಇನ್ನ ಎಂಟು ನಮ್ಮ ಮನಸಿಗೆ ಬಂದಂಗ ಇರಾಕ.

ಈ ಎಂಟು ತಾಸಿನ ಕತಿ ದೂರದ್ದು, ಅಮೆರಿಕಾದ ಶಿಕಾಗೋ ಊರಿಂದು. ಅಲ್ಲಿ ಆಗ ಹತ್ತು ತಾಸು, ಕೆಲವು ಕಡೆ ಅದಕ್ಕೂ ಹೆಚ್ಚು ದುಡೀಬೇಕಿತ್ತು. 1884ರಾಗ ಅಲ್ಲಿಯ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ಠರಾವು ಮಾಡಿತು: 1886ರ ಮೇ 1ರಿಂದ ದಿನಕ್ಕ ಎಂಟೇ ತಾಸು ಕೆಲಸ. ಆ ದಿನ ಬಂತು, ಲಕ್ಷಾಂತರ ಮಂದಿ ಕೆಲಸ ನಿಲ್ಲಿಸಿ ಹೊರಗ ಬಂದ್ರು. ಮೇ 3ಕ್ಕ ಶಿಕಾಗೋದಾಗ ಮೆಕಾರ್ಮಿಕ್ ಕಾರಖಾನೆ ಹತ್ತಿರ ಪೊಲೀಸರು ಗುಂಡು ಹಾರಿಸಿದ್ರು, ಕೆಲಸಗಾರರು ಸತ್ತರು. ಅದನ್ನ ಖಂಡಿಸಿ ಮರುದಿನ ರಾತ್ರಿ ಹೇಮಾರ್ಕೆಟ್ ಚೌಕದಾಗ ಸಭಾ. ಮಳಿ ಬರೂವಂಗಾಗಿ ಭಾಳ ಮಂದಿ ಮನಿ ಹಾದಿ ಹಿಡದಿದ್ರು. ಆವಾಗ ಪೊಲೀಸರು ಬಂದ್ರು, ಯಾರೋ ಬಾಂಬ್ ಒಗದ್ರು. ಏಳು ಮಂದಿ ಪೊಲೀಸರು, ಸಭಾಕ್ಕ ಬಂದವರೂ ಕೆಲವರು ಸತ್ತರು. ಒಗದಾಂವ ಯಾರು ಅನ್ನೂದು ಇವತ್ತಿಗೂ ಗೊತ್ತಾಗಿಲ್ಲ. ಆದ್ರ ಎಂಟು ಮಂದಿ ಮ್ಯಾಲೆ ಖಟ್ಲೆ ನಡದು, 1887ರ ನವೆಂಬರ್ 11ಕ್ಕ ನಾಲ್ವರನ್ನ ಗಲ್ಲಿಗೆ ಹಾಕಿದ್ರು. ಒಬ್ಬಾಂವ ಹಿಂದಿನ ದಿನಾನೇ ಜೈಲಿನಾಗ ಸತ್ತಿದ್ದ. ಉಳದ ಮೂವರನ್ನ 1893ರಾಗ ಗವರ್ನರ್ ಆಲ್ಟ್‌ಗೆಲ್ಡ್ ಅವರು, ವಿಚಾರಣೆನೇ ನ್ಯಾಯವಾಗಿ ನಡದಿಲ್ಲ ಅಂತ ಹೇಳಿ ಬಿಡುಗಡೆ ಮಾಡಿದ್ರು.

ನನಗ ಈ ಕತಿಯಾಗ ಮರೀಲಾರದಾಕಿ ಲೂಸಿ ಪಾರ್ಸನ್ಸ್. ಗಲ್ಲಿಗೇರಿದ ಆಲ್ಬರ್ಟ್ ಪಾರ್ಸನ್ಸ್‌ನ ಹೆಂಡತಿ. ಗಂಡ ಛಾಪಖಾನೆ ಕೆಲಸದಾಂವ. 1877ರ ರೈಲ್ವೆ ಮುಷ್ಕರದಾಗ ಭಾಷಣ ಮಾಡಿದ ಅಂತ ಅವಂಗ ಊರಾಗ ಕೆಲಸ ಸಿಗದಂಗ ಮಾಡಿದ್ರು. ಆಗ ಮನಿ ನಡಸಿದ್ದು ಲೂಸಿಯ ಹೊಲಿಗಿ. ಗಲ್ಲಿನ ದಿನ ಎರಡು ಮಕ್ಕಳನ್ನ ಕರಕೊಂಡು ಕಡೀ ಸಲ ಗಂಡನ್ನ ನೋಡಾಕ ಹೋದ್ರ ಪೊಲೀಸರು ಬಿಡಲಿಲ್ಲ, ಎಲ್ಲಾ ಮುಗಿಯೂತನಕ ಮೂವರನ್ನೂ ಕೋಣ್ಯಾಗ ಹಾಕಿ ಕೂಡಿಸಿದ್ರು. ಅದಾದ ಮ್ಯಾಲೂ ಆಕಿ 1942ರಾಗ ಸಾಯೂತನಕ ಕೆಲಸಗಾರರ ಪರ ಮಾತಾಡೂದು ಬಿಡಲಿಲ್ಲ. ನಾನೂ ಮದುವಿಯಾದ ಹೊಸದಾಗ ಹೊಲಿಗಿ ಮಷೀನ್ ತುಳದಾಕಿ. ಹೊಲಿಗಿಯಾಕಿಯ ತಾಸು ಯಾರೂ ಎಣಸೂದಿಲ್ಲ ಅನ್ನೂದು ನನಗ ಗೊತ್ತೈತಿ.

1889ರಾಗ ಪ್ಯಾರಿಸ್‌ನಾಗ ಕೂಡಿದ ಸಮ್ಮೇಳನ, ಮುಂದಿನ ವರ್ಷ ಮೇ 1ಕ್ಕ ಎಲ್ಲಾ ದೇಶದಾಗೂ ಎಂಟು ತಾಸಿನ ಬೇಡಿಕಿ ಇಡಬೇಕು ಅಂತ ತೀರ್ಮಾನ ಮಾಡಿತು. ವಿಚಿತ್ರ ನೋಡ್ರಿ, ಕತಿ ನಡದ ಅಮೆರಿಕಾದಾಗ ಮಾತ್ರ ಸರಕಾರ 1894ರಾಗ ಸಪ್ಟೆಂಬರ್ ಮೊದಲ ಸೋಮವಾರಕ್ಕ ಕಾರ್ಮಿಕರ ಸೂಟಿ ಕೊಟ್ಟಿತು.

ನಮ್ಮ ಕಡೆ ವಾರದ ಸೂಟಿಗೇ ಹೊಡೆದಾಡಬೇಕಾತು. ಮುಂಬಯಿ ಮಿಲ್ಲಿನವರಿಗೆ ರವಿವಾರ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆ ಅವರ ಹೋರಾಟದಿಂದ, 1890ರ ಜೂನ್ 10ಕ್ಕ. ಮೇ ದಿನ ಮೊದಲ ಸಲ ಆಚರಿಸಿದ್ದು 1923ರಾಗ ಮದ್ರಾಸಿನ ಸಮುದ್ರದ ದಂಡಿಗೆ, ಸಿಂಗಾರವೇಲು ಚೆಟ್ಟಿಯಾರ್ ಅವರು. ಬಾವುಟಕ್ಕ ಕೆಂಪು ಅರಿವಿ ಸಿಗದ ಮಗಳ ಸೀರಿ ಹರದ್ರು ಅಂತ ಒಂದು ಮಾತು ಐತಿ. ಖರೆ ಇದ್ರ, ಆ ಮಗಳಿಗೆ ಏನನಿಸ್ತೋ! ಕಾಯ್ದೆ ಅಂತೂ ಆಮೆ ನಡಿಗಿ. ಮಿಲ್ಲಿನ ಗಂಡಸರಿಗೆ 1911ರಾಗ ದಿನಕ್ಕ 12 ತಾಸಿನ ಮಿತಿ, 1922ರಾಗ 11, 1934ರಾಗ 10. ಅಂಬೇಡ್ಕರ್ ಅವರು ಕಾರ್ಮಿಕ ಖಾತೆ ನೋಡಿಕೊಳ್ತಿದ್ದ ಕಾಲದಾಗ ತಯಾರಾದ 1946ರ ತಿದ್ದುಪಡಿಯಿಂದ ವಾರಕ್ಕ 48 ತಾಸು ಆತು. ಶಿಕಾಗೋದಿಂದ ಇಲ್ಲಿಗೆ ಬಂದು ಮುಟ್ಟಾಕ 60 ವರ್ಷ.

ಮತ್ತ ಅಪ್ಪನ ಎಂಟು ತಾಸಿನ ಪಾಳಿಗೆ ಬುತ್ತಿ ಕಟ್ಟೋ ಅವ್ವಂದು ಎಷ್ಟು ತಾಸು? ಮೊದಲ ಪಾಳಿ ಇದ್ರ ನಸಿಕಿನಾಗ ಎದ್ದು ರೊಟ್ಟಿ ಬಡೀಬೇಕು. ರಾತ್ರಿ ಪಾಳಿ ಇದ್ರ ಹಗಲೆಲ್ಲ ನಮ್ಮ ಬಾಯಿ ಮುಚ್ಚಿಸಬೇಕು. ಮೇ 1ಕ್ಕ ಅಪ್ಪ ಮನ್ಯಾಗ, ಜೊತಿಗೆ ಅವನ ಗೆಳ್ಯಾರೂ ಬರೂವವರು, ಅವತ್ತ ಆಕಿಗೆ ಇನ್ನಷ್ಟು ಕೆಲಸ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ, ಬಸವಣ್ಣನ ವಾರ ಅಂತ. ಎತ್ತಿಗೆ ಇದ್ದದ್ದು ಅವ್ವಗ ಇದ್ದಿಲ್ಲ.

ಇಷ್ಟೆಲ್ಲ ಬರಿಯಾಕ ನನಗ ಬಾಯಿ ಇದ್ರೂ ನಾ ಮಾಡಿದ್ದನ್ನೂ ಹೇಳಬೇಕು. ಹ್ವಾದ ವರ್ಷ ಮೇ 1ಕ್ಕ ಬೀಗರು ಊಟಕ್ಕ ಬರೂವವರಿದ್ರು. ಭಾಂಡಿ ತಿಕ್ಕಾಕ ಬರೂವಾಕಿ ಹಿಂದಿನ ದಿನ "ನಾಳೆ ಬರೂದಿಲ್ರಿ ಅಕ್ಕಾರ" ಅಂದ್ಲು. "ನಾಳೆ ಮನಿ ತುಂಬ ಮಂದಿ, ಬೇಕಾದ್ರ ನಾಡದ ಬಿಡು" ಅಂದೆ. ಬಂದ್ಲು. ಹೊರಗ ಗಂಡಸರು ಕಾರ್ಮಿಕರ ದಿನದ ಸೂಟಿ ಅಂತ ಟಿವಿ ಮುಂದ ಕುಂತು ಮೂರು ಸಲ ಚಾ ಕುಡದ್ರು. ಒಳಗ ನಾವಿಬ್ಬರು. ಅವತ್ತ ಆಕಿಯ ತಂಗಿ ಮಗನ ಜಾವಳ ಇತ್ತಂತ. ನಾ ಯಾಕ ಅಂತ ಕೇಳಿದ್ದಿಲ್ಲ, ಆಕಿ ಹೇಳಿದ್ದಿಲ್ಲ. ಎಂಟು ದಿನ ಆದಮ್ಯಾಲೆ ಬಾಜೂಮನಿಯವರಿಂದ ಗೊತ್ತಾತು.

ಮನಿಗೆಲಸದವರಿಗೂ ವಾರಕ್ಕ 24 ತಾಸು ಬಿಡದ ವಿಶ್ರಾಂತಿ ಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಾಗ ಒಪ್ಪಂದ ಮಾಡೇತಿ. ನಮ್ಮ ದೇಶ ಅದನ್ನ ಅಂಗೀಕರಿಸಿಲ್ಲ. ದೇಶದ್ದು ಇರಲಿ, ಮನೀದರೆ ಆಗಲಿ ಅಂತ ಆಕಿಗೆ ಹೇಳಿದೆ, "ವಾರಕ್ಕ ಒಂದಿನ ಬರಬ್ಯಾಡ, ಪಗಾರ ಹಿಡಿಯೂದಿಲ್ಲ. ರವಿವಾರ ಆಗಬಹುದಲ್ಲ?"

ಆಕಿ ಕೈ ಒರಸ್ಕೋತ ಸ್ವಲ್ಪ ಹೊತ್ತು ವಿಚಾರ ಮಾಡಿದ್ಲು.

"ರವಿವಾರ ಬ್ಯಾಡ್ರಿ ಅಕ್ಕಾರ. ಅವತ್ತ ಗಂಡ ಮಕ್ಕಳು ಎಲ್ಲಾರೂ ಮನ್ಯಾಗ ಇರ್ತಾರ, ಕುಂಡ್ರಾಕೂ ಬಿಡೂದಿಲ್ಲ. ಬುಧವಾರ ಕೊಡ್ರಿ."